ಛಾಟಿಯ ಅಂಕೆಯಲ್ಲಿ ಕಡಲ ಬದುಕು



‘ದಂಡಂ ದಶಗುಣಂ’ ಎಂಬ ಮಾತನ್ನು ಮನೆಯಲ್ಲಿ, ಶಾಲೆಯಲ್ಲಿ ಕೇಳುತ್ತಲೇ ಬೆಳೆದವರು ನಾವು. ಆ ಮಾತನ್ನು ಅಕ್ಷರಶಃ ನಂಬಿ ಆಳ್ವಿಕೆ ನಡೆಸಿದ ಲೋಕವೊಂದಿತ್ತು. ಅದು ಹದಿನೆಂಟನೆಯ ಶತಮಾನದ ಬ್ರಿಟಿಷ್ ಯುದ್ಧನೌಕೆ.

ಹಡಗಿನಲ್ಲಿ ನೂರಾರು ನಾವಿಕರು. ಅವರನ್ನು ಅಂಕೆಯಲ್ಲಿಡಬೇಕಾದ ಅಧಿಕಾರಿಗಳು ಕೆಲವೇ ಮಂದಿ. ನಾವಿಕರಲ್ಲಿ ಅನೇಕರು ಬಂದರಿನ ಬೀದಿಗಳಿಂದ ಬಲವಂತವಾಗಿ ಹಿಡಿದು ತಂದವರು. ಸುತ್ತಲೂ ನೀರು, ಓಡಿಹೋಗಲು ದಾರಿಯಿಲ್ಲ. ಇಂಥಲ್ಲಿ ಭಯವೇ ಶಿಸ್ತಿನ ಆಧಾರವಾಯಿತು. ಕುಡಿತ, ಕಳ್ಳತನ, ಎದುರುತ್ತರ ಎಲ್ಲಕ್ಕೂ ಒಂದೇ ಮದ್ದು, ಒಂಬತ್ತು ಎಳೆಗಳ ಛಾಟಿ. ತಪ್ಪಿತಸ್ಥನ ಅಂಗಿ ತೆಗೆಸಿ, ಮರದ ಚೌಕಟ್ಟಿಗೆ ಕಟ್ಟಿ, ಉಳಿದವರೆಲ್ಲರ ಎದುರಿಗೇ ಹೊಡೆಸುತ್ತಿದ್ದರು. ನೋಡುವುದೂ ಶಿಕ್ಷೆಯ ಭಾಗವೇ ಆಗಿತ್ತು. ವಿಚಾರಣೆಯಿಲ್ಲದೆ ಕಪ್ತಾನ 12 ಏಟುಗಳಿಗಿಂತ ಹೆಚ್ಚು ಕೊಡಿಸಬಾರದೆಂಬ ನಿಯಮವಿತ್ತು. ಬಹಳಷ್ಟು ಕಪ್ತಾನರು ಅದನ್ನು ಲೆಕ್ಕಕ್ಕಿಡಲಿಲ್ಲ. ನೌಕಾ ನ್ಯಾಯಾಲಯದ ಶಿಕ್ಷೆ ಇನ್ನೂ ಘೋರ. ಅಪರಾಧಿಯನ್ನು ದೋಣಿಯಲ್ಲಿ ಕಟ್ಟಿ, ಹಡಗಿನಿಂದ ಹಡಗಿಗೆ ಒಯ್ದು, ಪ್ರತಿಯೊಂದರ ಪಕ್ಕದಲ್ಲೂ ಹೊಡೆಯುತ್ತಿದ್ದರು. ಏಟುಗಳು ನೂರು ದಾಟುವುದೂ ಉಂಟು.

ಇಷ್ಟು ಭಯದಿಂದ ವಿಧೇಯತೆ ಬಂದಿತೇ? 1797ನೆಯ ಇಸವಿ ಇದಕ್ಕೆ ಎರಡು ಬಗೆಯ ಉತ್ತರ ಕೊಟ್ಟಿತು.

ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್ ಲಂಗರುದಾಣದ ನಾವಿಕರು ಹಡಗು ಹೊರಡಿಸಲು ಒಪ್ಪಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಅವರ ಸಂಬಳ ಏರಿರಲಿಲ್ಲ. 16 ಔನ್ಸ್ ಇರಬೇಕಾದ ಪೌಂಡಿಗೆ 14 ಔನ್ಸ್ ಮಾತ್ರ ತೂಗಿ ಪಡಿತರ ಕೊಡುತ್ತಿದ್ದರು. ಸೋಜಿಗವೆಂದರೆ, ಅವರು ಛಾಟಿಯನ್ನೇ ರದ್ದುಮಾಡಿ ಎಂದು ಕೇಳಲಿಲ್ಲ. ನ್ಯಾಯವಾದ ಸಂಬಳ, ಸರಿಯಾದ ತೂಕ, ರೋಗಿಗಳಿಗೆ ಆರೈಕೆ ಕೇಳಿದರು. ಕ್ರೂರ ಅಧಿಕಾರಿಗಳು ಬೇಡವೆಂದರು. ಶಿಸ್ತನ್ನು ತಾವೇ ಕಾಯ್ದುಕೊಂಡರು. ಸರ್ಕಾರ ಮಣಿಯಿತು, ಅವರಿಗೆ ಕ್ಷಮಾದಾನವೂ ಸಿಕ್ಕಿತು.

ಸೆಪ್ಟೆಂಬರ್‌ನಲ್ಲಿ, ದೂರದ ಕೆರಿಬಿಯನ್ ಸಮುದ್ರದಲ್ಲಿ, ‘ಹರ್ಮಿಯೋನ್’ ಹಡಗಿನ ಕಪ್ತಾನ ಹ್ಯೂ ಪಿಗಟ್ ಹಾಯಿ ಮಡಚುತ್ತಿದ್ದವರಿಗೆ, ಕೊನೆಯಲ್ಲಿ ಇಳಿದವನಿಗೆ ಛಾಟಿಯೇಟು ಎಂದು ಕೂಗಿ ಹೇಳಿದ. ಅವಸರದಲ್ಲಿ ಮೂವರು ಮೇಲಿನಿಂದ ಬಿದ್ದು ಸತ್ತರು. ಹೆಣಗಳನ್ನು ಸಮುದ್ರಕ್ಕೆ ಎಸೆಯಿರೆಂದು ಆತ ತಿರಸ್ಕಾರದಿಂದ ಆಜ್ಞಾಪಿಸಿದ. ಮರುರಾತ್ರಿ ನಾವಿಕರು ದಂಗೆಯೆದ್ದು ಅವನನ್ನೂ ಇತರ ಒಂಬತ್ತು ಅಧಿಕಾರಿಗಳನ್ನೂ ಕೊಂದು, ಹಡಗನ್ನು ಶತ್ರುವಾದ ಸ್ಪೇನ್‌ಗೆ ಒಪ್ಪಿಸಿದರು. ಮುಂದೆ ಸಿಕ್ಕಿಬಿದ್ದವರಲ್ಲಿ 20ಕ್ಕೂ ಹೆಚ್ಚು ಮಂದಿ ನೇಣುಗಂಬವೇರಿದರು.

ಇಷ್ಟಾದರೂ ಛಾಟಿ ಬೇಗ ಕೆಳಗಿಳಿಯಲಿಲ್ಲ. ಅಮೆರಿಕ ತನ್ನ ಹಡಗುಗಳಲ್ಲಿ ಅದನ್ನು ನಿಷೇಧಿಸಿದ್ದು 1850ರಲ್ಲಿ. ಬ್ರಿಟಿಷ್ ನೌಕಾದಳ ಶಾಂತಿಕಾಲದಲ್ಲಿ 1871ರಲ್ಲಿ, ಯುದ್ಧಕಾಲದಲ್ಲಿ 1879ರಲ್ಲಿ ಅದರ ಬಳಕೆ ನಿಲ್ಲಿಸಿತು.

ಛಾಟಿ ಹೋಯಿತು, ಅವಮಾನ ಹೋಯಿತೇ? 1946ರ ಫೆಬ್ರುವರಿಯಲ್ಲಿ ಮುಂಬಯಿಯ ‘ತಲ್ವಾರ್’ ನೌಕಾಕೇಂದ್ರದಲ್ಲಿ ಭಾರತೀಯ ನಾವಿಕರು ಮುಷ್ಕರ ಹೂಡಿದರು. ದೇಶಪ್ರೇಮದ ಜೊತೆಗೆ, ಕೆಟ್ಟ ಊಟವೂ ಬ್ರಿಟಿಷ್ ಅಧಿಕಾರಿಯ ಬೈಗುಳವೂ ಅದಕ್ಕೆ ಕಾರಣವಾಗಿದ್ದವು. ಅಲ್ಲಿ ಯಾರ ಬೆನ್ನ ಮೇಲೂ ಬಾಸುಂಡೆ ಇರಲಿಲ್ಲ. ಆದರೆ ಸ್ಪಿಟ್‌ಹೆಡ್ಡಿನವರು ಕೇಳಿದ್ದನ್ನೇ ಇವರೂ ಕೇಳಿದ್ದರು: ಹೊಟ್ಟೆಗೆ ಸರಿಯಾದ ಅನ್ನ, ಮನುಷ್ಯರಿಗೆ ಸಲ್ಲುವ ಮರ್ಯಾದೆ.

ದಂಡಕ್ಕೆ ಹತ್ತು ಗುಣಗಳಿರಬಹುದು. ನಂಬಿಕೆ ಹುಟ್ಟಿಸುವ ಗುಣ ಮಾತ್ರ ಅದಕ್ಕಿಲ್ಲ.