ತಪ್ಪಿದ ಭುಜದ ಕಥೆ



ಭುಜದ ಕೀಲು ಮತ್ತೆ ಮತ್ತೆ ತಪ್ಪಿ ಎಷ್ಟೋ ಯುವಕರು ಅಖಾಡ ಬಿಟ್ಟರು, ಯುದ್ಧದಲ್ಲಿ ಕೈಸಾಗದೆ ಸತ್ತವರೂ ಇದ್ದಾರೆ ಎನ್ನುತ್ತದೆ ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥ. ಸುಮಾರು 2400 ವರ್ಷ ಹಿಂದಿನ ಮಾತಿದು. ಅದು ಹೇಳುವ ಮದ್ದು, ಕೆಂಪಗೆ ಕಾಯಿಸಿದ ಕಬ್ಬಿಣ. ಕಂಕುಳಿನ ಚರ್ಮ ಎತ್ತಿ ಹಿಡಿದು ಬರೆ ಹಾಕುವುದು. ಗಾಯ ಮಾಗಿ ಬಿಗಿದುಕೊಂಡರೆ ಮೂಳೆಗೆ ಜಾರಲು ಜಾಗವಿರದು. ಭುಜದ ಮೇಲೆ, ಹಿಂದೆ ಸುಟ್ಟ ವೈದ್ಯರನ್ನು ಗ್ರಂಥ ಗದರಿಸುತ್ತದೆ: ಮೂಳೆ ಜಾರುವ ಕಡೆಯಲ್ಲವೇ ಬರೆ ಬೀಳಬೇಕು? ಚಿಕಿತ್ಸೆ ಕ್ರೂರ, ತರ್ಕ ಮಾತ್ರ ಗಟ್ಟಿ.

ಅಷ್ಟಕ್ಕೂ ಭುಜ ಯಾಕೆ ಜಾರುತ್ತದೆ? ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದೀರಲ್ಲ, ಭುಜದ ಕೀಲೂ ಹಾಗೆಯೇ. ತೋಳುಮೂಳೆಯ ಗುಂಡು ದೊಡ್ಡದು, ಅದು ಕೂರುವ ಬಟ್ಟಲಿಗೆ ಆಳವಿಲ್ಲ. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ಪಟ್ಟಿಯ ಆಸರೆ ಇದೆ. ಭುಜ ಮುಂದಕ್ಕೆ ತಪ್ಪಿದಾಗ ಸಾಮಾನ್ಯವಾಗಿ ಹರಿಯುವುದು ಅದೇ. ಫ್ರಾನ್ಸಿನ ವೈದ್ಯರಾದ ಬ್ರೋಕಾ, ಹಾರ್ಟ್‌ಮನ್ 1890ರಲ್ಲೇ ಇದನ್ನು ಗುರುತಿಸಿದ್ದರು. ಜರ್ಮನಿಯ ಪೆರ್ಥೆಸ್ 1906ರಲ್ಲಿ ಅದರ ದುರಸ್ತಿಯನ್ನೂ ಬರೆದರು. ಆದರೂ ಹೆಸರು ನಿಂತದ್ದು ಲಂಡನ್ನಿನ ಬ್ಯಾಂಕಾರ್ಟ್ ಅವರದು. ಹರಿದ ಅಂಚನ್ನು ಮೂಳೆಗೇ ಹೊಲಿಯಬೇಕು ಎಂದು 1923ರಲ್ಲೂ 1938ರಲ್ಲೂ ಅವರು ಪಟ್ಟುಹಿಡಿದು ವಾದಿಸಿದರು.

ಆ ಹೊಲಿಗೆ ಸುಲಭದ್ದಲ್ಲ. ಹಾಗಾಗಿ ಅನೇಕರು ಪುಟ್ಟಿ–ಪ್ಲಾಟ್ ವಿಧಾನಕ್ಕೆ ಒಲಿದರು: ಭುಜದ ಮುಂದಿನ ಸ್ನಾಯುವನ್ನು ಮಡಿಸಿ ಗಿಡ್ಡ ಮಾಡುವುದು. ಭುಜ ಜಾರುವುದು ನಿಂತಿತು, ಕೈ ಹೊರಕ್ಕೆ ತಿರುಗುವುದೂ ನಿಂತಿತು! ಎಷ್ಟೋ ವರ್ಷಗಳ ಮೇಲೆ ಕೆಲವರ ಕೀಲೇ ಸವೆಯಿತು. ಚೆಂಡೆಸೆಯುವ ಹುಡುಗನಿಗೆ ಇಂಥ ಗುಣ ಯಾಕೆ ಬೇಕು? 1954ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಲಾಟಾರ್ಜೆ ಬೇರೆಯೇ ದಾರಿ ಹಿಡಿದರು. ಹೆಗಲ ಮೂಳೆಯ ಕೊಕ್ಕಿನಂಥ ತುದಿಯನ್ನು ಕತ್ತರಿಸಿ, ಬಟ್ಟಲಿನ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದರು.

ಆಮೇಲೆ ಬಂತು ಸಣ್ಣ ರಂಧ್ರದಿಂದ ಕೀಲಿನೊಳಗೆ ನೋಡುವ ಆರ್ತ್ರೋಸ್ಕೋಪ್. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಯುವ ಕ್ರೀಡಾಪಟುಗಳ ಮೇಲಿನ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಮೊದಲ ಸಲ ಭುಜ ತಪ್ಪಿದವರಲ್ಲಿ ಬರೀ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸಿದ 15 ಮಂದಿಯಲ್ಲಿ 12 ಜನರಿಗೆ ಮತ್ತೆ ತೊಂದರೆಯಾಯಿತು. ಆರ್ತ್ರೋಸ್ಕೋಪ್ ಮೂಲಕ ಶಸ್ತ್ರಚಿಕಿತ್ಸೆಯಾದ 21 ಮಂದಿಯಲ್ಲಿ ಮೂವರಿಗೆ ಮಾತ್ರ. ಸಣ್ಣ ಅಧ್ಯಯನವೇ, ಆದರೆ ಎರಡನೇ ಸಲ ತಪ್ಪುವವರೆಗೆ ಕಾಯಬೇಕೇ ಎಂಬ ಪ್ರಶ್ನೆ ಬಲವಾಯಿತು. 2000ದಲ್ಲಿ ಮೂಳೆ ವೈದ್ಯರಾದ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಇನ್ನೊಂದು ಎಚ್ಚರಿಕೆ ಕೊಟ್ಟರು: ಬಟ್ಟಲಿನ ಮೂಳೆಯೇ ಹೆಚ್ಚು ಸವೆದಿದ್ದರೆ, ಮೈಗೆ ಮೈ ತಾಗುವ ಆಟಗಾರರಲ್ಲಿ ಬರೀ ಹೊಲಿಗೆ ನಿಲ್ಲದು. ಅಂಥವರಿಗೆ ಹಳೆಯ ಲಾಟಾರ್ಜೆ ವಿಧಾನವೇ ಮತ್ತೆ ನೆನಪಾಯಿತು.

ಕಬಡ್ಡಿ, ಕುಸ್ತಿ ಕಲಿಸುವವರಲ್ಲಿ ಒಂದು ವಿನಂತಿ. ಹುಡುಗರ ಭುಜ ತಪ್ಪಿದರೆ ಅಂಕಣದಲ್ಲೇ ಕೈ ಎಳೆದು ಕೂರಿಸಲು ಹೋಗಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಕೀಲು ಕೂತ ಮೇಲೂ ಅಂಚು ಹರಿದಿದೆಯೇ, ಮೂಳೆ ಸವೆದಿದೆಯೇ ಎಂದು ಮೂಳೆ ವೈದ್ಯರನ್ನು ಕೇಳಿ, ಆಮೇಲೆ ಮುಂದಿನ ಪಂದ್ಯದ ಮಾತಾಡಿ.