ನೆಟ್ಟಗಿನ ಕಂಬ, ವಾಲಿದ ಚಿತ್ರ

ಗವಿಪುರದ ಗಂಗಾಧರೇಶ್ವರನ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನವೆಂಬ ದೊಡ್ಡ ಕಲ್ಲುಬಿಲ್ಲೆಗಳನ್ನು ಹೊತ್ತ ಕಂಬಗಳು ನೆಟ್ಟಗೆ ನಿಂತಿವೆ. ಕ್ಯಾಮರಾವನ್ನು ಮೇಲಕ್ಕೆ ಓರೆಮಾಡಿ ತೆಗೆದ ಚಿತ್ರದಲ್ಲಿ ಅವೇ ಒಂದರತ್ತ ಒಂದು ವಾಲುವುವು. ತುದಿಯು ಬುಡಕ್ಕಿಂತ ದೂರವಾಗಿ ಕಿರಿದಾಗುವುದೇ ಇದಕ್ಕೆ ಕಾರಣ.

ಫಿಲ್ಮನ್ನು ಕಂಬಕ್ಕೆ ಸಮಾಂತರವಾಗಿರಿಸಿ ಮಸೂರವನ್ನು ಮಾತ್ರ ಮೇಲೇರಿಸುವುದು ಉತ್ತಮ ಪರಿಹಾರ. ಅದು ತಪ್ಪಿದರೆ, ಹಿಗ್ಗಿಸಿ ಮುದ್ರಿಸುವಾಗ ಕಿರಿದಾದ ಬದಿಯು ಮಸೂರದಿಂದ ದೂರವಾಗುವಂತೆ ಕಾಗದದ ಹಲಗೆಯನ್ನು ಓರೆಮಾಡಬಹುದು. ಇಂದು ಈ ತಿದ್ದುಪಡಿಯನ್ನು ಗಣಕಯಂತ್ರವೂ ಮಾಡುವುದು. ಆದರೆ ಗೆರೆಗಳು ನೆಟ್ಟಗಾದುವೆಂದು ತೃಪ್ತಿಪಡಬಾರದು, ಎತ್ತರವೂ ಕೆಟ್ಟಿರಬಹುದು. ನೇರ ಎದುರಿನಿಂದ ತೆಗೆದ ಬಿಲ್ಲೆ ದುಂಡಗಿದೆಯೇ, ಅಂಡಾಕಾರವಾಯಿತೇ ಎಂದು ನೋಡಿರಿ. ಅದೇ ನಂಬತಕ್ಕ ಅಳತೆಗೋಲು.

1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬರೆದ ಚಿತ್ರಗಳಿಂದ ಈ ಗುಡಿಯಲ್ಲಾದ ಮಾರ್ಪಾಟುಗಳನ್ನು ವಿದ್ವಾಂಸರು ಗುರುತಿಸಿದರು. ನಾಳೆ ನಮ್ಮ ಚಿತ್ರವೂ ಸಾಕ್ಷಿ ನುಡಿಯಬೇಕಾದೀತು, ಅದು ಸುಳ್ಳಾಡದಿರಲಿ.