ಇರುಸು, ಬೇರಿಂಗ್ ಮತ್ತು ಅಮಾನತ್

(ಕೊಡಿಗೇಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಂಘದವರು ಕೇಳಿದಾಗ, ಗಾಡಿಯ ಇರುಸಿಗೆ ಬೇರಿಂಗ್ ಕೂರಿಸುವ ಬಗ್ಗೆ ಮಾತನಾಡುತ್ತೇನೆ ಎಂದೆ. ಅವರು ನಕ್ಕರು. ಅದರಲ್ಲಿ ಶಿಕ್ಷಣ ಎಲ್ಲಿದೆ ಎಂದು ಕೇಳಿದರು. ಎಲ್ಲಿದೆ ಎಂದು ತೋರಿಸುವುದೇ ಇಂದಿನ ನನ್ನ ಕೆಲಸ. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಸ್ಪ್ಯಾನರ್ ಹಿಡಿದವರಿದ್ದಾರೆ. ಕೊಡಿಗೇಹಳ್ಳಿ ಗೇಟಿನಿಂದ ಹೆಬ್ಬಾಳದವರೆಗೆ, ಅತ್ತ ಯಲಹಂಕ, ಇತ್ತ ಆರ್.ಟಿ. ನಗರದವರೆಗೆ ಮನೆಯ ಪಕ್ಕದ ಶೆಡ್ಡಿನಲ್ಲೇ ಗಾಡಿ ರಿಪೇರಿ ಮಾಡಿ ಸಂಸಾರ ಸಾಗಿಸುವವರನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ.

ಇರುಸು ಎಂಬ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಎತ್ತಿನ ಗಾಡಿಯಲ್ಲಿ ಇರುಸು ಇತ್ತು, ಚಕ್ರ ಕಳಚದಂತೆ ಕಡಾಣಿ ಇತ್ತು, ಉಜ್ಜಾಟ ತಗ್ಗಿಸಲು ಕೀಲೆಣ್ಣೆ ಇತ್ತು. ಎಣ್ಣೆ ಆರಿದರೆ ಗಾಡಿ ಕಿರುಗುಟ್ಟಿ ತಾನೇ ಹೇಳುತ್ತಿತ್ತು. ಒಂದರ ಮೇಲೊಂದು ಉಜ್ಜುವ ಬದಲು ನಡುವೆ ಗುಂಡು ಇಟ್ಟು ಉರುಳುವಂತೆ ಮಾಡಿದರೆ ಗಾಡಿ ಹಗುರವಾಗಿ ಓಡುತ್ತದೆ. ಬೇರಿಂಗ್ ಎಂದರೆ ಇಷ್ಟೇ. 1794ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬವರು ಕುದುರೆ ಗಾಡಿಯ ಇರುಸಿಗೆಂದೇ ಗುಂಡಿನ ಬೇರಿಂಗಿಗೆ ಹಕ್ಕುಪತ್ರ ಪಡೆದರು. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕೆನ್ ಅವರಿಗೆ ಓರೆ ಉರುಳೆಯ ಬೇರಿಂಗಿನ ಹಕ್ಕು ಸಿಕ್ಕಿತು. 1907ರಲ್ಲಿ ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ತಾನಾಗಿ ಹೊಂದಿಕೊಳ್ಳುವ ಬೇರಿಂಗ್ ಮಾಡಿದರು. ಇವರಿಗಿಂತ ಬಹು ಹಿಂದೆ, 1206ರಲ್ಲಿ, ದಿಯಾರ್‌ಬಕರಿನ ಆಸ್ಥಾನದಲ್ಲಿದ್ದ ಅಲ್ ಜಝರಿ ನೀರೆತ್ತುವ ಯಂತ್ರಗಳ, ಗಡಿಯಾರಗಳ ರಚನೆಯನ್ನು ಚಿತ್ರ ಸಹಿತ ಬರೆದಿಟ್ಟರು. ಅವರು ಕೈಯಿಂದ ಮಾಡುವವರೂ ಹೌದು, ಬರೆಯುವವರೂ ಹೌದು. ಈ ಎರಡು ಗುಣ ಒಬ್ಬನಲ್ಲೇ ಇರಬಹುದು ಎಂಬುದನ್ನು ನಾವು ಮರೆತಿದ್ದೇವೆ.

ಈಗ ನನ್ನ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಹಲವು ವರ್ಷಗಳ ಹಿಂದೆ ಮನೆಯ ಶೆಡ್ಡಿನಲ್ಲಿ ಒಂದು ಓಮ್ನಿಯ ಹಿಂದಿನ ಇರುಸಿನ ಬೇರಿಂಗ್ ಬದಲಾಯಿಸಿದೆ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಆಮೇಲೆ ಓಮ್ನಿ ಎನಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತ ಗಾಡಿ ಅದು. ನಾನು ಕೈ ಹಾಕಿದ್ದು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನ್. ಶನಿವಾರ ಸಂಜೆಯಾಗಿತ್ತು, ಸೋಮವಾರ ಬೆಳಿಗ್ಗೆ ಗಾಡಿ ಬೇಕಿತ್ತು. ಹೊಸ ಬೇರಿಂಗ್ ತಂದಿದ್ದೆ, ಅದನ್ನು ತಡೆದು ನಿಲ್ಲಿಸುವ ಉಕ್ಕಿನ ಉಂಗುರ ತಂದಿರಲಿಲ್ಲ. ಹಳೆಯ ಉಂಗುರವನ್ನೇ ಎಳೆದು ತೆಗೆದು, ಮತ್ತೆ ಬಡಿದು ಕೂರಿಸಿದೆ. ಗಟ್ಟಿಯಾಗಿಯೇ ಇದೆ ಎನಿಸಿತು.

ಸುಮಾರು ಎರಡು ವಾರದ ಮೇಲೆ ಚಾಲಕ ಬಂದು, "ಭಾಯ್, ಹಿಂದಿನ ಚಕ್ರದಲ್ಲಿ ಏನೋ ಉಜ್ಜಿದ ಸದ್ದು" ಎಂದ. ಗಾಡಿ ಎತ್ತಿ ನೋಡಿದರೆ ಚಕ್ರ, ಡ್ರಮ್, ಇರುಸು ಮೂರೂ ಸೇರಿ ಒಂದು ಬೆರಳಿನಷ್ಟು ಹೊರಗೆ ಸರಿದಿದ್ದವು. ಈ ಬಗೆಯ ಇರುಸಿನಲ್ಲಿ ಚಕ್ರವನ್ನು ಬಿಗಿದಿರುವುದು ಇರುಸಿನ ತುದಿಗೇ. ಇರುಸನ್ನು ಒಳಗೆ ಹಿಡಿದಿರುವುದು ಆ ಉಂಗುರದ ಬಿಗಿ ಒಂದೇ. ಉಂಗುರ ಜಾರಿದರೆ ಇರುಸು ಚಕ್ರದ ಸಮೇತ ಹೊರಗೆ ಬರುತ್ತದೆ. ಬಳ್ಳಾರಿ ರಸ್ತೆಯಲ್ಲಿ, ವೇಗದಲ್ಲಿ, ಮಕ್ಕಳು ಒಳಗಿರುವಾಗ ಅದು ಆಗಿದ್ದರೆ? ಅಲ್ಲಾಹನು ಕಾಪಾಡಿದ. ಯಾರಿಗೂ ಏನೂ ಆಗಲಿಲ್ಲ. ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆ ಉಂಗುರದ ಬೆಲೆ ಒಂದು ಊಟದ ಬೆಲೆಗಿಂತ ಹೆಚ್ಚಿರಲಿಲ್ಲ.

ಆದ್ದರಿಂದ ಈ ಕೆಲಸ ಮಾಡುವವರು ದಯವಿಟ್ಟು ಗಮನವಿಟ್ಟು ಕೇಳಿ. ಮಾಡದವರೂ ಕೇಳಿ, ಏಕೆಂದರೆ ನಿಮ್ಮ ಮಕ್ಕಳು ಇಂತಹ ಗಾಡಿಯಲ್ಲಿ ಕೂರುತ್ತಾರೆ.

ಮೊದಲು ರೋಗ ಗುರುತಿಸಿ. ವೇಗ ಹೆಚ್ಚಿದಂತೆ ಏರುವ ಗುಂಯ್ ಎಂಬ ಸದ್ದು, ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಸಡಿಲ, ಓಡಿ ಬಂದ ಗಾಡಿಯ ಒಂದು ಚಕ್ರ ಮಾತ್ರ ಹೆಚ್ಚು ಬಿಸಿ: ಇವು ಬೇರಿಂಗ್ ಸವೆದ ಲಕ್ಷಣ. ಬ್ರೇಕ್ ಹಿಡಿದುಕೊಂಡಿದ್ದರೂ ಚಕ್ರ ಬಿಸಿಯಾಗುತ್ತದೆ, ಅದನ್ನೂ ನೋಡಿ.

ಗಾಡಿಯನ್ನು ಗಟ್ಟಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಬದಿ ಅಡ್ಡ ಕೊಡಿ. ಹಿಂದಿನ ಡ್ರಮ್ ಬಿಚ್ಚಬೇಕಾದ್ದರಿಂದ ಹ್ಯಾಂಡ್‌ಬ್ರೇಕ್ ಸಡಿಲಿಸಲೇಬೇಕು, ಹಾಗಾಗಿ ಈ ಅಡ್ಡವೇ ನಿಮ್ಮ ರಕ್ಷಣೆ. ಜಾಕ್ ಎತ್ತುವುದಕ್ಕೆ ಮಾತ್ರ, ನಿಲ್ಲಿಸುವುದಕ್ಕೆ ಕಬ್ಬಿಣದ ಸ್ಟ್ಯಾಂಡ್. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಬೇಡಿ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಡಿಫರೆನ್ಷಿಯಲ್ ಎಣ್ಣೆಯನ್ನು ಮೊದಲೇ ಇಳಿಸಿ. ಇಲ್ಲವಾದರೆ ಇರುಸು ಎಳೆದೊಡನೆ ಎಣ್ಣೆ ಬ್ರೇಕ್ ಶೂ ಮೇಲೆ ಹರಿಯುತ್ತದೆ. ಡ್ರಮ್ ತೆಗೆದು, ಬ್ರೇಕ್ ಪೈಪು, ಕೇಬಲ್ ಬಿಡಿಸಿ, ಬ್ಯಾಕಿಂಗ್ ಪ್ಲೇಟಿನ ಹಿಂದಿನ ನಟ್ಟುಗಳನ್ನು ಬಿಚ್ಚಿ ಇರುಸನ್ನು ನೇರವಾಗಿ ಎಳೆಯಿರಿ. ಹಳೆಯ ಉಂಗುರವನ್ನು ಗ್ರೈಂಡರಿನಿಂದ ಮುಕ್ಕಾಲು ಆಳ ಕೊಯ್ದು, ಉಳಿದದ್ದನ್ನು ಉಳಿಯಿಂದ ಸೀಳಿ. ಕೊಯ್ತ ಇರುಸಿಗೆ ತಾಗಬಾರದು, ತಾಗಿದ ಗೆರೆಯೇ ಮುಂದೆ ಬಿರುಕಾಗುತ್ತದೆ. ಗ್ಯಾಸ್ ಬೆಂಕಿ ಹಾಯಿಸಬೇಡಿ, ಇರುಸಿನ ಹದ ಕೆಡುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ.

ಕೂರಿಸುವಾಗ ಒಂದೇ ನಿಯಮ: ಯಾವ ಬಳೆ ಬಿಗಿಯಾಗಿ ಕೂರಬೇಕೋ ಆ ಬಳೆಯನ್ನೇ ಒತ್ತಿ. ಇರುಸಿನ ಮೇಲೆ ಬಿಗಿಯಾಗಿ ಕೂರುವುದು ಒಳಬಳೆ. ಹೊರಬಳೆಯ ಮೇಲೆ ಸುತ್ತಿಗೆ ಹಾಕಿದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು, ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಮೂಡಿಸುತ್ತದೆ. ಹೊಸ ಬೇರಿಂಗ್ ಹುಟ್ಟುವ ಮೊದಲೇ ಸತ್ತಂತೆ. ಒಳಬಳೆಯ ಅಳತೆಯ ಪೈಪು ಇಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿ. ಪ್ರೆಸ್ ನಿಮ್ಮಲ್ಲಿ ಇಲ್ಲದಿದ್ದರೆ ನಾಚಿಕೆ ಬೇಡ. ಇರುಸನ್ನು ಹೆಗಲ ಮೇಲಿಟ್ಟುಕೊಂಡು ಪ್ರೆಸ್ ಇರುವ ವರ್ಕ್‌ಶಾಪಿಗೆ ಹೋಗಿ, ಒತ್ತಿಸಿಕೊಂಡು ಬನ್ನಿ. ಬೇರಿಂಗ್ ಒತ್ತಿದ ಮೇಲೆ ಹೊಸ ಉಂಗುರ. ಹಳೆಯದು ಎಂದೆಂದಿಗೂ ಬೇಡ.

ಮುಚ್ಚಳವಿಲ್ಲದ ಬೇರಿಂಗನ್ನು ಬಿಸಿ ಮಾಡಿಯೂ ಕೂರಿಸಬಹುದು. ಇಲ್ಲಿ ನಿಮ್ಮ ಹೈಸ್ಕೂಲಿನ ಭೌತಶಾಸ್ತ್ರ ಬರುತ್ತದೆ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 30 ಮಿಲಿಮೀಟರ್ ರಂಧ್ರದ ಬೇರಿಂಗನ್ನು 80 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ರಂಧ್ರ ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ತಲೆಗೂದಲಿನ ಅರ್ಧ ದಪ್ಪವೂ ಇಲ್ಲ, ಆದರೆ ಅಷ್ಟು ಸಾಕು. 125 ಡಿಗ್ರಿ ಮೀರಿದರೆ ಉಕ್ಕಿನ ಹದ ಕೆಡುತ್ತದೆ. ರಬ್ಬರ್ ಸೀಲ್ ಇರುವುದಾದರೆ 80 ಡಿಗ್ರಿಯೇ ಗಡಿ, ಅದನ್ನು ಒತ್ತುವುದೇ ಲೇಸು.

ಹೊಸ ಬೇರಿಂಗಿನ ಕಾಗದವನ್ನು ಕೂರಿಸುವ ಕ್ಷಣದವರೆಗೆ ಬಿಚ್ಚಬೇಡಿ. ನಮಾಜಿಗೆ ಕೈ ತೊಳೆದಷ್ಟೇ ಶ್ರದ್ಧೆಯಿಂದ ಕೈ ತೊಳೆಯಿರಿ. ಒಂದು ಮರಳಿನ ಕಣ ಸಾಕು ಅದನ್ನು ಕೆಡಿಸಲು. ಗ್ರೀಸ್ ತುಂಬಬೇಕಾದ ಬೇರಿಂಗಾದರೆ ಒಳಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ. ಕಂಠಮಟ್ಟ ತುಂಬಿದರೆ ಗ್ರೀಸ್ ಕಡೆದು ಬಿಸಿಯಾಗುತ್ತದೆ. ಎಣ್ಣೆಯ ಸೀಲನ್ನೂ ಹೊಸದಾಗಿಯೇ ಹಾಕಿ. ಕೊನೆಗೆ ಬ್ರೇಕಿನ ಗಾಳಿ ತೆಗೆದು, ಡಿಫರೆನ್ಷಿಯಲ್ಲಿಗೆ ಎಣ್ಣೆ ತುಂಬಿ, ಚಕ್ರದ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, ಮೆಲ್ಲಗೆ ಓಡಿಸಿ ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಗಾಡಿಯನ್ನು ವಾಪಸು ಕರೆಸಿ ಮತ್ತೊಮ್ಮೆ ಪರೀಕ್ಷಿಸಿ.

ಮಿತ್ರರೇ, ಬೇರಿಂಗಿನ ಮೈಮೇಲೆ ಒಂದು ಸಂಖ್ಯೆ ಇರುತ್ತದೆ. ಉದಾಹರಣೆಗೆ 6206. ಮೊದಲ 6 ಎಂದರೆ ಆಳ ಗಾಡಿಯ ಗುಂಡಿನ ಬೇರಿಂಗ್, 2 ಎಂದರೆ ಅದರ ಸರಣಿ, ಕೊನೆಯ 06 ಅನ್ನು 5ರಿಂದ ಗುಣಿಸಿದರೆ 30, ಅದೇ ರಂಧ್ರದ ಅಳತೆ. 6205 ಆದರೆ 25 ಮಿಲಿಮೀಟರ್. ಕೊನೆಯೆರಡು ಅಂಕಿ 00, 01, 02, 03 ಆದರೆ ಮಾತ್ರ ಲೆಕ್ಕ ಬೇರೆ: 10, 12, 15, 17. ಮುಂದೆ ಸಿ3 ಎಂದಿದ್ದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚು ಎಂದರ್ಥ. ಇದನ್ನು ಓದಬಲ್ಲ ಹುಡುಗನನ್ನು ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಸುಲಭವಾಗಿ ಮೋಸಗೊಳಿಸಲಾಗದು. ಪೇಟೆಯಲ್ಲಿ ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲು ಬರುತ್ತದೆ, ಆದ್ದರಿಂದ ಅಧಿಕೃತ ಮಾರಾಟಗಾರರಲ್ಲೇ ಬಿಲ್ಲು ಸಮೇತ ಕೊಳ್ಳಿ.

ನಾನು ಬಾಲ್ಯದಲ್ಲಿ ಯಾರ ಕೈಕೆಳಗೆ ಕಲಿತೆನೋ ಆ ಉಸ್ತಾದರು ಬೇರಿಂಗಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಆದರೆ ಈ ಸಂಖ್ಯೆ ಓದಲು ಅವರಿಗೆ ಬರುತ್ತಿರಲಿಲ್ಲ. ಹಳೆಯ ಬೇರಿಂಗನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುತ್ತಿದ್ದರು. ಕೊಟ್ಟದ್ದನ್ನು ತರುತ್ತಿದ್ದರು. ಅವರ ಕೈಯಲ್ಲಿ ವಿದ್ಯೆ ಇತ್ತು, ಕಾಗದದಲ್ಲಿ ಇರಲಿಲ್ಲ. ಆದ್ದರಿಂದ ಕೊನೆಯವರೆಗೂ ಅವರು ಬರಿಯ ಮೆಕ್ಯಾನಿಕ್ ಎನಿಸಿಕೊಂಡರು. ನಮ್ಮ ಮಕ್ಕಳಿಗೆ ಹಾಗಾಗಬಾರದು.

2006ರ ನವೆಂಬರಿನಲ್ಲಿ ಬಂದ ಸಾಚಾರ್ ಸಮಿತಿಯ ವರದಿ, ನಮ್ಮ ಸಮುದಾಯದವರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲೇ ಹೆಚ್ಚಾಗಿ ಇದ್ದಾರೆ ಎಂದು ತೋರಿಸಿತು. ಸ್ವಂತ ದುಡಿಮೆ ಅವಮಾನವಲ್ಲ. ಓದಿಲ್ಲದ ದುಡಿಮೆ ಮಾತ್ರ ನಷ್ಟ. 2009ರ ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕು ಕೊಟ್ಟಿದೆ. 2016ರ ತಿದ್ದುಪಡಿ 14ರೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಗ್ಯಾರೇಜಿನ ಮಾಲೀಕರೇ, "ಹುಡುಗ ಸುಮ್ಮನೆ ಇರುವ ಬದಲು ಕೆಲಸ ಕಲಿಯಲಿ" ಎಂದು ಬರುವ ತಂದೆಗೆ, ಮೊದಲು ಹತ್ತನೇ ತರಗತಿ ಮುಗಿಸಲಿ ಎಂದು ಹೇಳಿ ಕಳುಹಿಸಿ. ಆಮೇಲೆ ಐ.ಟಿ.ಐ. ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ನಮಗೆ ದೂರವಲ್ಲದ ರಾಜಾಜಿನಗರದಲ್ಲೇ ಇದೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಬಂದಾಗ ಈ ಉತ್ತರ ಭಾಗದ ಎಷ್ಟೋ ಮನೆಗಳು ಲೇತಿನ ಬಲದಿಂದ ಮೇಲೆ ಬಂದವು. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್ ಅಮೀನ್ ಸಂಸ್ಥೆ ಕಟ್ಟಿದಾಗಲೂ ಕೈಯಲ್ಲಿ ಇದ್ದದ್ದು ಸ್ವಲ್ಪವೇ, ಮನಸ್ಸು ದೊಡ್ಡದಿತ್ತು.

ಸಂಘಕ್ಕೆ ನನ್ನ ಕೋರಿಕೆ ಒಂದೇ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಡಾಕ್ಟರು, ಇಂಜಿನಿಯರು ಆಗುವವರ ಜೊತೆಗೆ ಐ.ಟಿ.ಐ. ಸೇರುವವರ ಹೆಸರೂ ಇರಲಿ. ವಾರಕ್ಕೊಂದು ಸಂಜೆ ಗ್ಯಾರೇಜಿನ ಯುವಕರಿಗೆ ಅಳತೆ, ಲೆಕ್ಕ, ಕೈಪಿಡಿ ಓದುವ ಪಾಠ ನಡೆಯಲಿ. ಕಲಿಸಲು ನಾನು ಬರುತ್ತೇನೆ.

ದಾವೂದ್ ಅಲೈಹಿಸ್ಸಲಾಮ್ ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ವಿಚಾರ ಪವಿತ್ರ ಕುರ್‌ಆನಿನ ಸಬಾ ಅಧ್ಯಾಯದಲ್ಲಿದೆ. ಅಲ್ಲಿಯೇ ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆದೇಶವೂ ಇದೆ. ಪ್ರವಾದಿಯೊಬ್ಬರಿಗೇ ಅಳತೆ ತಪ್ಪಬೇಡ ಎಂಬ ಮಾತು ಬಂದಿರುವಾಗ, ಅಂದಾಜಿನಲ್ಲಿ ಬಡಿದು ಕೂರಿಸಲು ನಾವು ಯಾರು? ಗಾಡಿಯನ್ನು ನಿಮ್ಮ ಶೆಡ್ಡಿಗೆ ಬಿಟ್ಟುಹೋದವರು ತಮ್ಮ ಮಕ್ಕಳ ಪ್ರಾಣವನ್ನು ನಿಮ್ಮಲ್ಲಿ ಅಮಾನತ್ ಇಟ್ಟಿದ್ದಾರೆ. ಆ ಹಳೆಯ ಉಂಗುರವನ್ನು ನಾನು ಇಂದಿಗೂ ಉಪಕರಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆ ತೆರೆದಾಗಲೆಲ್ಲ ಮೊದಲು ಅದೇ ಕಾಣುತ್ತದೆ.

ಅಲ್ಲಾಹನು ನಮ್ಮ ಕೈಗೆ ಕೌಶಲವನ್ನೂ, ನಮ್ಮ ಮಕ್ಕಳಿಗೆ ವಿದ್ಯೆಯನ್ನೂ, ನಮ್ಮ ದುಡಿಮೆಗೆ ಬರ್ಕತ್ತನ್ನೂ ಕರುಣಿಸಲಿ. ಆಮೀನ್.